ಹಿಂದಿನ ಸಾಲಿನ ಕುರ್ಚಿ: ಹವಾಮಾನ ಸಮ್ಮೇಳನಗಳಲ್ಲಿ ವೀಕ್ಷಕ ಸಂಸ್ಥೆಗಳು

ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ನಿರ್ಧಾರ ಕೈಗೊಳ್ಳುವ ಅಧಿಕಾರ ಇರುವುದು ಸರ್ಕಾರಗಳಿಗೆ ಮಾತ್ರ. ಆದರೂ ಅದರ ಸಭಾಂಗಣಗಳಲ್ಲಿ ಪ್ರತಿವರ್ಷ ಯಾವ ಸರ್ಕಾರಕ್ಕೂ ಸೇರದ ಸಾವಿರಾರು ಜನ ಕೂತಿರುತ್ತಾರೆ. ಪರಿಸರ ಸಂಘಟನೆಗಳ ಕಾರ್ಯಕರ್ತರು, ವಿಶ್ವವಿದ್ಯಾಲಯಗಳ ಸಂಶೋಧಕರು, ಕಾರ್ಮಿಕ ಸಂಘದವರು, ಮೂಲನಿವಾಸಿ ಸಮುದಾಯಗಳ ಮುಖಂಡರು, ರೈತರು, ಉದ್ಯಮಗಳ ಪ್ರತಿನಿಧಿಗಳು, ಮೇಯರ್‌ಗಳು, ವಿದ್ಯಾರ್ಥಿಗಳು ಹೀಗೆ ನಾನಾ ಬಗೆಯವರು. ಇವರನ್ನು ಕಳಿಸಿಕೊಡುವ ಸಂಸ್ಥೆಗಳಿಗೆ ‘ವೀಕ್ಷಕ ಸಂಸ್ಥೆ’ ಎಂದು ಹೆಸರು. ಈಗ ಮಾನ್ಯತೆ ಪಡೆದಿರುವ ಸರ್ಕಾರೇತರ ವೀಕ್ಷಕ ಸಂಸ್ಥೆಗಳ ಸಂಖ್ಯೆ ಮೂರು ಸಾವಿರ ದಾಟಿದೆ.

ಈ ಸ್ಥಾನ ಯಾರೋ ದಯೆಯಿಂದ ಕೊಟ್ಟಿದ್ದಲ್ಲ, ಒಪ್ಪಂದದಲ್ಲೇ ಬರೆದಿರುವಂಥದ್ದು. 1992ರಲ್ಲಿ ಅಂಗೀಕಾರವಾಗಿ 1994ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹವಾಮಾನ ಬದಲಾವಣೆ ಚೌಕಟ್ಟು ಒಪ್ಪಂದದ 7ನೇ ವಿಧಿಯ 6ನೇ ಕಲಂ ಇದಕ್ಕೆ ಆಧಾರ. ಒಪ್ಪಂದದ ವಿಷಯಗಳಲ್ಲಿ ಅರ್ಹತೆ ಇರುವ ಯಾವುದೇ ಸಂಸ್ಥೆ, ಸರ್ಕಾರಿಯಾಗಲಿ ಅಲ್ಲದಿರಲಿ, ಸಮ್ಮೇಳನಕ್ಕೆ ಬರುವ ಇಚ್ಛೆ ತಿಳಿಸಿದರೆ ಅದನ್ನು ಒಳಗೆ ಬಿಟ್ಟುಕೊಳ್ಳಬಹುದು. ಹಾಜರಿರುವ ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟಾದರೂ ಆಕ್ಷೇಪಿಸಿದರೆ ಮಾತ್ರ ತಡೆಯಬಹುದು. ಒಪ್ಪಂದಕ್ಕೆ ಇಂದು 198 ಸದಸ್ಯರಿದ್ದಾರೆ, 197 ದೇಶಗಳು ಮತ್ತು ಐರೋಪ್ಯ ಒಕ್ಕೂಟ. ಇವರೆಲ್ಲ ವರ್ಷಕ್ಕೊಮ್ಮೆ ಸೇರುವ ಸಭೆಯೇ ‘ಕಾಪ್’. ಮೊದಲನೆಯದು 1995ರಲ್ಲಿ ಬರ್ಲಿನ್‌ನಲ್ಲಿ ನಡೆಯಿತು. ಆಗ ಜರ್ಮನಿಯ ಪರಿಸರ ಸಚಿವೆಯಾಗಿದ್ದ ಏಂಜೆಲಾ ಮರ್ಕೆಲ್ ಅದರ ಅಧ್ಯಕ್ಷತೆ ವಹಿಸಿದ್ದರು.

ವೀಕ್ಷಕರಿಗೆ ಮತದಾನದ ಹಕ್ಕಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜವೇ. ಆದರೆ ಈ ಸಮ್ಮೇಳನದಲ್ಲಿ ಒಪ್ಪಂದದ ತೀರ್ಮಾನಗಳಿಗೆ ದೇಶಗಳೂ ಮತ ಹಾಕುವುದಿಲ್ಲ. ಮತದಾನ ಹೇಗಿರಬೇಕೆಂದು ಹೇಳುವ 42ನೇ ಕರಡು ನಿಯಮದ ಮೇಲೆ ಮೊದಲ ಸಮ್ಮೇಳನದಲ್ಲೇ ಒಮ್ಮತ ಮೂಡಲಿಲ್ಲ, ಇವತ್ತಿಗೂ ಮೂಡಿಲ್ಲ. ಹಾಗಾಗಿ ಎಲ್ಲವೂ ಸರ್ವಸಮ್ಮತಿಯಿಂದಲೇ ಆಗಬೇಕು. ಕೈ ಎತ್ತಿ ಎಣಿಸುವ ಪದ್ಧತಿ ಇಲ್ಲದ ಕಡೆ ಮೇಲುಗೈ ಸಿಗುವುದು ಕರಡನ್ನು ಚೆನ್ನಾಗಿ ಓದಿದವರಿಗೆ, ಹಿಂದಿನ ತೀರ್ಮಾನಗಳನ್ನು ನೆನಪಿಟ್ಟುಕೊಂಡವರಿಗೆ, ರಾತ್ರಿ ಎರಡು ಗಂಟೆಯವರೆಗೂ ಜಾಗ ಬಿಟ್ಟು ಏಳದವರಿಗೆ. ವೀಕ್ಷಕ ಸಂಸ್ಥೆಗಳ ಶಕ್ತಿ ಇರುವುದೂ ಇಲ್ಲೇ.

ಮಾನ್ಯತೆ ಪಡೆಯುವ ಹಾದಿ ಕಷ್ಟದ್ದಲ್ಲ, ನಿಧಾನದ್ದು. ಜರ್ಮನಿಯ ಬಾನ್ ನಗರದಲ್ಲಿರುವ ಒಪ್ಪಂದದ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು, ಅದೂ ಸಮ್ಮೇಳನಕ್ಕೆ ಬಹಳ ಮುಂಚೆ. ಸಂಸ್ಥೆ ಕಾನೂನುಬದ್ಧವಾಗಿ ನೋಂದಣಿಯಾಗಿರಬೇಕು, ಲಾಭಕ್ಕಾಗಿ ನಡೆಯುವಂಥದ್ದಾಗಿರಬಾರದು, ಹವಾಮಾನ ವಿಷಯದಲ್ಲಿ ನಿಜವಾಗಿ ಕೆಲಸ ಮಾಡಿರಬೇಕು. ಕರ್ನಾಟಕದ ಸಂಸ್ಥೆಯೊಂದು ಅರ್ಜಿ ಹಾಕುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಪಡೆದ ಪ್ರಮಾಣಪತ್ರ ಅಥವಾ ಟ್ರಸ್ಟ್ ಡೀಡ್, ಆದಾಯ ತೆರಿಗೆ ವಿನಾಯಿತಿಯ ಪತ್ರ, ಬೈಲಾ, ವಾರ್ಷಿಕ ವರದಿ, ಆಡಿಟ್ ಆದ ಲೆಕ್ಕಪತ್ರ ಇಂಥವನ್ನು ಜೋಡಿಸಿಕೊಳ್ಳಬೇಕಾಗುತ್ತದೆ. ಸಚಿವಾಲಯ ಇವನ್ನು ಪರಿಶೀಲಿಸಿ ಸಮ್ಮೇಳನದ ಬ್ಯೂರೋ ಮುಂದಿಡುತ್ತದೆ. ಕೊನೆಗೆ ಕಾಪ್‌ನ ಆರಂಭದ ಅಧಿವೇಶನದಲ್ಲಿ ಹೊಸ ಸಂಸ್ಥೆಗಳ ಪಟ್ಟಿಗೆ ಒಪ್ಪಿಗೆ ಸಿಗುತ್ತದೆ. ಒಮ್ಮೆ ಸಿಕ್ಕ ಮಾನ್ಯತೆಗೆ ಪ್ರತಿವರ್ಷ ಹೊಸದಾಗಿ ಅರ್ಜಿ ಹಾಕಬೇಕಾಗಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿಗೆ ಈ ಅರ್ಜಿಯ ಪ್ರಕ್ರಿಯೆಯೇ ಅನ್ವಯಿಸುವುದಿಲ್ಲ.

ಸರ್ಕಾರೇತರ ಸಂಸ್ಥೆಗಳು ಒಂಬತ್ತು ಬಳಗಗಳಾಗಿ ಹಂಚಿಹೋಗಿವೆ. ಉದ್ಯಮ ಮತ್ತು ಪರಿಸರದ ಬಳಗಗಳು ಮೊದಲಿನಿಂದಲೂ ಇವೆ. ಸ್ಥಳೀಯ ಆಡಳಿತಗಳು, ಮೂಲನಿವಾಸಿಗಳು, ಸಂಶೋಧನಾ ಸಂಸ್ಥೆಗಳು, ಕಾರ್ಮಿಕ ಸಂಘಗಳು ಒಂದೊಂದಾಗಿ ಬಂದು ಸೇರಿದವು. ಮಹಿಳೆಯರು, ಯುವಜನರು, ರೈತರು ಕೊನೆಗೆ ಬಂದವರು. ಮಹಿಳಾ ಮತ್ತು ಯುವಜನ ಬಳಗಗಳಿಗೆ ಪೂರ್ಣ ಮನ್ನಣೆ ಸಿಕ್ಕಿದ್ದು 2011ರಲ್ಲಿ. ಬರಗಾಲದ ಪೆಟ್ಟು ಮೊದಲು ತಿನ್ನುವವರೂ, ಮುಂದಿನ ಅರವತ್ತು ವರ್ಷ ಈ ಭೂಮಿಯ ಮೇಲೆ ಬಾಳಬೇಕಾದವರೂ ಎಲ್ಲರಿಗಿಂತ ಕೊನೆಗೆ ಒಳಗೆ ಬಂದರು ಎಂಬುದು ಗಮನಿಸಬೇಕಾದ ಸಂಗತಿ.

ಮಾನ್ಯತೆ ಇದ್ದ ಮಾತ್ರಕ್ಕೆ ಎಷ್ಟು ಜನ ಬೇಕಾದರೂ ಹೋಗುವಂತಿಲ್ಲ. ಇದಕ್ಕೆ ಕಾರಣ 2009ರ ಕೋಪನ್‌ಹೇಗನ್. ಅಲ್ಲಿನ ಬೆಲ್ಲಾ ಸೆಂಟರ್‌ನಲ್ಲಿ 15 ಸಾವಿರ ಜನರಿಗೆ ಜಾಗವಿತ್ತು, ಹೆಸರು ಕೊಟ್ಟವರು 40 ಸಾವಿರಕ್ಕೂ ಹೆಚ್ಚು. ಡಿಸೆಂಬರ್‌ನ ಚಳಿಯಲ್ಲಿ ಜನ ಗಂಟೆಗಟ್ಟಲೆ ಬಾಗಿಲ ಹೊರಗೆ ಸಾಲು ನಿಂತರು. ಎರಡನೇ ವಾರದಲ್ಲಿ ದೇಶಗಳ ಮುಖ್ಯಸ್ಥರು ಬಂದಿಳಿಯುತ್ತಿದ್ದಂತೆ ವೀಕ್ಷಕರ ಪ್ರವೇಶವನ್ನು ದಿನದಿನಕ್ಕೂ ಕಡಿತ ಮಾಡಲಾಯಿತು. ನಿರ್ಣಾಯಕ ಮಾತುಕತೆ ನಡೆದ ಕೊನೆಯ ದಿನ ಒಳಗಿದ್ದ ಸಂಘಟನೆಗಳವರು ಬೆರಳೆಣಿಕೆಯಷ್ಟು. ಆ ಅನುಭವದ ನಂತರ ಪ್ರತಿ ಸಂಸ್ಥೆಗೂ ಇಷ್ಟೇ ಬ್ಯಾಡ್ಜ್ ಎಂಬ ಕೋಟಾ ಬಿಗಿಯಾಯಿತು. ಸಣ್ಣ ಸಂಸ್ಥೆಗಳಿಗೆ ಸಿಗುವುದು ಒಂದೆರಡು ಮಾತ್ರ. ಮೊದಲ ವಾರ ಒಬ್ಬರು, ಎರಡನೇ ವಾರ ಇನ್ನೊಬ್ಬರು ಎಂದು ಹಂಚಿಕೊಳ್ಳುವುದು ಅಲ್ಲಿ ಮಾಮೂಲಿ.

ಸಮ್ಮೇಳನದ ಜಾಗದಲ್ಲಿ ಎರಡು ಭಾಗ. ಹಸಿರು ವಲಯ ಆತಿಥೇಯ ದೇಶದ ಉಸ್ತುವಾರಿಯಲ್ಲಿ ಸಾರ್ವಜನಿಕರಿಗೆ ತೆರೆದಿರುತ್ತದೆ. ನೀಲಿ ವಲಯ ವಿಶ್ವಸಂಸ್ಥೆಯ ಹಿಡಿತದಲ್ಲಿರುತ್ತದೆ, ಬ್ಯಾಡ್ಜ್ ಇಲ್ಲದೆ ಅಲ್ಲಿಗೆ ಪ್ರವೇಶವಿಲ್ಲ. ಸರ್ಕಾರಗಳ ಪ್ರತಿನಿಧಿಗಳ ಬ್ಯಾಡ್ಜ್ ಗುಲಾಬಿ ಬಣ್ಣದ್ದು, ಸರ್ಕಾರೇತರ ವೀಕ್ಷಕರದು ಹಳದಿ. ಯಾವ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದನ್ನು ಕಾವಲಿನವರು ಈ ಬಣ್ಣ ನೋಡಿಯೇ ತೀರ್ಮಾನಿಸುತ್ತಾರೆ.

ವೀಕ್ಷಕರ ದಿನ ಬೆಳಿಗ್ಗೆ ತಮ್ಮ ಬಳಗದ ಸಭೆಯಿಂದ ಶುರುವಾಗುತ್ತದೆ. ಹಿಂದಿನ ರಾತ್ರಿ ಯಾವ ಕೋಣೆಯಲ್ಲಿ ಏನಾಯಿತು, ಹೊಸ ಕರಡು ಎಲ್ಲಿ ಹೊರಬಿದ್ದಿದೆ, ಇವತ್ತು ಯಾರು ಯಾವ ವಿಷಯಕ್ಕೆ ಕೂರಬೇಕು ಎಂಬುದು ಅಲ್ಲಿ ನಿಗದಿಯಾಗುತ್ತದೆ. ಹಣಕಾಸು, ಹೊಂದಾಣಿಕೆ, ಕಾರ್ಬನ್ ಮಾರುಕಟ್ಟೆ, ಕೃಷಿ, ಲಿಂಗ ಸಮಾನತೆ ಎಲ್ಲ ಏಕಕಾಲಕ್ಕೆ ಬೇರೆಬೇರೆ ಕೋಣೆಗಳಲ್ಲಿ ನಡೆಯುತ್ತಿರುತ್ತವೆ. ಒಬ್ಬರೇ ಬಂದವರು ಎಲ್ಲವನ್ನೂ ಹಿಡಿಯಲಾರರು. ಆದ್ದರಿಂದ ಅನುಭವಿಗಳು ಒಂದೇ ವಿಷಯ ಆರಿಸಿಕೊಂಡು ವರ್ಷಗಟ್ಟಲೆ ಅದರ ಬೆನ್ನು ಹತ್ತುತ್ತಾರೆ.

ಕೋಣೆಯೊಳಗಿನ ದೃಶ್ಯ ಹೊರಗಿನವರು ಊಹಿಸುವುದಕ್ಕಿಂತ ತೀರಾ ಸಪ್ಪೆ. ಉದ್ದ ಮೇಜಿನ ಸುತ್ತ ದೇಶಗಳ ನಾಮಫಲಕಗಳು, ಎದುರಿನ ಪರದೆಯ ಮೇಲೆ ಕರಡು. ವೀಕ್ಷಕರಿಗೆ ಹಿಂದಿನ ಸಾಲು. ಜಾಗ ಸಾಲದಿದ್ದರೆ ಗೋಡೆಗೆ ಒರಗಿ ನಿಲ್ಲಬೇಕು, ಇಲ್ಲವೇ ನೆಲದ ಮೇಲೆ ಕೂರಬೇಕು. ಒಪ್ಪಿಗೆ ಆಗದ ಮಾತುಗಳೆಲ್ಲ ಚೌಕ ಆವರಣದೊಳಗೆ ಇರುತ್ತವೆ: ಶ್ರೀಮಂತ ದೇಶಗಳು ಹಣ ‘[ಒದಗಿಸತಕ್ಕದ್ದು] [ಒದಗಿಸಬಹುದು]’ ಎಂಬಂತೆ. ಯಾವ ದೇಶ ಯಾವ ಆವರಣ ತೆಗೆಯಲು ಒಪ್ಪಿತು, ಯಾವುದು ಹೊಸದೊಂದನ್ನು ಹಾಕಿಸಿತು ಎಂದು ವೀಕ್ಷಕರು ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಊಟದ ಸಾಲಿನಲ್ಲೋ ಮೆಟ್ಟಿಲ ಮೇಲೋ ಆ ದೇಶದ ಪ್ರತಿನಿಧಿ ಸಿಕ್ಕಾಗ, ಈ ಮಾತು ಹೀಗಿದ್ದರೆ ನಿಮ್ಮ ಆತಂಕಕ್ಕೂ ಉತ್ತರವಾಗುತ್ತದಲ್ಲ ಎಂದು ಬರೆದ ಚೀಟಿಯನ್ನೇ ಕೈಗೆ ಕೊಡುತ್ತಾರೆ. ಸಮ್ಮೇಳನದ ಬಹುಪಾಲು ನಿಜವಾದ ಕೆಲಸ ನಡೆಯುವುದು ಹೀಗೆಯೇ.

ಎಲ್ಲ ಕೋಣೆಗಳೂ ಇವರಿಗೆ ತೆರೆದಿರುವುದಿಲ್ಲ. 1998ರ ತೀರ್ಮಾನವೊಂದು ‘ಸಂಪರ್ಕ ಗುಂಪು’ಗಳಿಗೆ ವೀಕ್ಷಕರನ್ನು ಕರೆಯುವ ಅವಕಾಶ ಕೊಟ್ಟಿತು. ಆದರೆ ಮಾತು ಬಿಗಿಯಾದಂತೆ ಚರ್ಚೆ ‘ಅನೌಪಚಾರಿಕ’ ಎಂಬ ಹೆಸರಿನ ಸಣ್ಣ ಕೋಣೆಗಳಿಗೆ ಸರಿಯುತ್ತದೆ, ಬಾಗಿಲು ಮುಚ್ಚುತ್ತದೆ. ಇದಕ್ಕೆ ಅಪರೂಪದ ಅಪವಾದ 2011ರ ಡರ್ಬನ್. ನಿಗದಿತ ಅವಧಿ ಮುಗಿದು ದಿನ ಮೇಲಾಗಿದ್ದಾಗ, ನಸುಕಿನಲ್ಲಿ, ಭಾರತದ ಸಚಿವೆ ಜಯಂತಿ ನಟರಾಜನ್ ಮತ್ತು ಐರೋಪ್ಯ ಒಕ್ಕೂಟದ ಕೋನಿ ಹೆಡೆಗಾರ್ಡ್ ಸಭಾಂಗಣದ ನಡುವೆಯೇ ಗುಂಪುಗೂಡಿ ಮುಂದಿನ ಒಪ್ಪಂದದ ಕಾನೂನುಬಲ ಎಂಥದ್ದಿರಬೇಕು ಎಂಬ ಒಂದು ವಾಕ್ಯಕ್ಕಾಗಿ ಚೌಕಾಸಿ ನಡೆಸಿದರು. ಅಲ್ಲಿ ಉಳಿದಿದ್ದ ವೀಕ್ಷಕರು ಅದನ್ನು ಕಣ್ಣಾರೆ ಕಂಡರು. ಸಾಮಾನ್ಯವಾಗಿ ಜಗತ್ತಿಗೆ ಕಾಣುವುದು ಇಂಥ ಚೌಕಾಸಿಯ ಫಲಿತಾಂಶ ಮಾತ್ರ.

ದೊಡ್ಡ ಅಧಿವೇಶನಗಳಲ್ಲಿ ಮಾತನಾಡುವ ಅವಕಾಶ ಪ್ರತಿ ಬಳಗಕ್ಕೂ ಸಾಮಾನ್ಯವಾಗಿ ಎರಡು ನಿಮಿಷ. ದೇಶಗಳೆಲ್ಲ ಮಾತಾಡಿದ ಮೇಲೆ, ಸಮಯ ಉಳಿದಿದ್ದರೆ. ನೂರಾರು ಸಂಸ್ಥೆಗಳು ಒಪ್ಪುವಂತೆ ಆ ಎರಡು ನಿಮಿಷವನ್ನು ಬರೆಯುವುದೇ ಒಂದು ದಿನದ ಸಂಧಾನ. ಡರ್ಬನ್‌ನಲ್ಲಿ ಯುವಜನ ಬಳಗದ ಪರವಾಗಿ ಮಾತಾಡಿದ ವಿದ್ಯಾರ್ಥಿನಿ ಅಂಜಲಿ ಅಪ್ಪಾದುರೈ, ತಾನು ಹುಟ್ಟಿದಾಗಿನಿಂದಲೂ ನೀವು ಮಾತುಕತೆ ನಡೆಸುತ್ತಲೇ ಇದ್ದೀರಿ ಎಂದು ಪ್ರತಿನಿಧಿಗಳನ್ನು ನೇರವಾಗಿ ಪ್ರಶ್ನಿಸಿದರು. ಅವರ ಮಾತು ಮುಗಿದ ಮೇಲೆ, ಜಗತ್ತಿನ ಅರ್ಧದಷ್ಟಿರುವ ಈ ಪೀಳಿಗೆಗೆ ಮೊದಲು ಮಾತಾಡಲು ಬಿಡದೆ ಕೊನೆಗೇಕೆ ಬಿಡುತ್ತೇವೆ ಎಂದು ಸಭೆ ನಡೆಸುತ್ತಿದ್ದವರೇ ವೈಯಕ್ತಿಕ ನೆಲೆಯಲ್ಲಿ ಕೇಳಿದರು. ಆ ಪ್ರಶ್ನೆಗೆ ಇನ್ನೂ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಉಳಿದ ವೇದಿಕೆಗಳೂ ಇವೆ. ಒಂದೂವರೆ ಗಂಟೆಯ ‘ಸೈಡ್ ಈವೆಂಟ್’ಗಳಲ್ಲಿ ಅಧ್ಯಯನಗಳನ್ನು ಮಂಡಿಸಬಹುದು, ಅರ್ಜಿಗಳು ಹೆಚ್ಚು, ಜಾಗ ಕಡಿಮೆ ಆದ್ದರಿಂದ ಹಲವು ಸಂಸ್ಥೆಗಳು ಒಟ್ಟಾಗಿ ನಡೆಸುತ್ತವೆ. ನೀಲಿ ವಲಯದಲ್ಲಿ ಪ್ರತಿಭಟನೆಗೂ ಅವಕಾಶವಿದೆ. ಆದರೆ ಮೊದಲೇ ಅನುಮತಿ ಬೇಕು, ಜಾಗ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಬೇಕು, ಯಾವುದೇ ದೇಶವನ್ನೋ ವ್ಯಕ್ತಿಯನ್ನೋ ಗುರಿಮಾಡಿ ಹೆಸರಿಸುವಂತಿಲ್ಲ. ನಿಯಮ ಮೀರಿದವರ ಬ್ಯಾಡ್ಜ್ ಕಿತ್ತುಕೊಳ್ಳುತ್ತಾರೆ. 2013ರ ವಾರ್ಸಾದಲ್ಲಿ ನೂರಾರು ವೀಕ್ಷಕರು ಮಾತುಕತೆಯ ನಿಧಾನಕ್ಕೆ ರೋಸಿ ಒಟ್ಟಾಗಿ ಹೊರನಡೆದರು. ಅವರ ಅಂಗಿಯ ಮೇಲೆ ‘ಮರಳಿ ಬರುತ್ತೇವೆ’ ಎಂಬ ಸ್ಪ್ಯಾನಿಷ್ ಮಾತಿತ್ತು, ಮರುವರ್ಷದ ಸಮ್ಮೇಳನ ಪೆರುವಿನ ಲಿಮಾದಲ್ಲಿ ನಡೆಯಲಿದ್ದುದರಿಂದ.

ದಾಖಲೆಯ ಕೆಲಸದಲ್ಲಂತೂ ಈ ಸಂಸ್ಥೆಗಳ ಋಣ ದೊಡ್ಡದು. ಸಂಧಾನಗಳ ದಿನನಿತ್ಯದ ನಿಷ್ಪಕ್ಷಪಾತ ವರದಿ ಎಂದು ಸರ್ಕಾರಗಳೂ ನಂಬುವ ‘ಅರ್ಥ್ ನೆಗೋಷಿಯೇಷನ್ಸ್ ಬುಲೆಟಿನ್’ ಹೊರತರುವುದು ಕೆನಡಾ ಮೂಲದ ಸರ್ಕಾರೇತರ ಸಂಸ್ಥೆ. ಪರಿಸರ ಸಂಘಟನೆಗಳ ‘ಇಕೋ’ ಪತ್ರಿಕೆ 1972ರ ಸ್ಟಾಕ್‌ಹೋಮ್ ಸಮ್ಮೇಳನದಷ್ಟು ಹಳೆಯದು. ದೊಡ್ಡ ನಿಯೋಗ ಕಳಿಸಲಾಗದ ಬಡ ದೇಶಗಳ ಪ್ರತಿನಿಧಿಗಳು ಪಕ್ಕದ ಕೋಣೆಯಲ್ಲಿ ಏನಾಯಿತೆಂದು ತಿಳಿಯುವುದು ಇಂಥ ಹಾಳೆಗಳಿಂದಲೇ.

ಭಾರತದಿಂದ ಹೋದ ಒಂದು ವಿಚಾರದ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಭೂಮಿ ಬಿಸಿಯಾಗುವುದಕ್ಕೆ ಭಾರತ, ಚೀನಾ, ಬ್ರೆಜಿಲ್‌ಗಳ ಪಾಲೂ ದೊಡ್ಡದೆಂದು ಲೆಕ್ಕ ಹಾಕಿತ್ತು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್‌ನ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಸಣ್ಣ ಪುಸ್ತಿಕೆಯೊಂದರಲ್ಲಿ ಆ ಲೆಕ್ಕವನ್ನೇ ಬಿಡಿಸಿ ಮತ್ತೆ ಕೂಡಿದರು. ಸಮುದ್ರ ಮತ್ತು ಕಾಡುಗಳು ಅನಿಲ ಹೀರುವ ಶಕ್ತಿ ಎಲ್ಲ ಮನುಷ್ಯರಿಗೂ ಸಮಾನವಾಗಿ ಸೇರಿದ್ದು. ಅದನ್ನು ತಲಾವಾರು ಹಂಚಿದರೆ ಹೊಣೆಯ ಚಿತ್ರವೇ ಬದಲಾಗುತ್ತದೆ ಎಂದು ತೋರಿಸಿದರು. ಬಡವನ ಗದ್ದೆ, ದನಗಳಿಂದ ಬರುವ ಮೀಥೇನ್ ಬದುಕಿಗಾಗಿ. ಶ್ರೀಮಂತನ ಕಾರಿನ ಹೊಗೆ ಭೋಗಕ್ಕಾಗಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ಅವರ ವಾದ ಮುಂದೆ ಸಂಧಾನದ ಮೇಜಿನ ಮೇಲಿನ ಖಾಯಂ ವಾದವಾಯಿತು. ಒಂದು ಸರ್ಕಾರೇತರ ಸಂಸ್ಥೆ ಶ್ರದ್ಧೆಯಿಂದ ಲೆಕ್ಕ ಮಾಡಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಸಣ್ಣ ದ್ವೀಪರಾಷ್ಟ್ರಗಳ ಒಕ್ಕೂಟಕ್ಕೆ ಲಂಡನ್ನಿನ ‘ಫೀಲ್ಡ್’ ಸಂಸ್ಥೆಯ ವಕೀಲರು ಆರಂಭದಿಂದಲೂ ಕಾನೂನು ಸಲಹೆ ಕೊಡುತ್ತ ಬಂದರು. ಸಮುದ್ರ ಏರಿ ನೆಲ ಮುಳುಗಿದರೆ ಪರಿಹಾರ ಕೊಡುವ ವ್ಯವಸ್ಥೆ ಬೇಕೆಂದು ಆ ದ್ವೀಪಗಳು 1991ರಲ್ಲೇ ಕೇಳಿದ್ದವು. ‘ನಷ್ಟ ಮತ್ತು ಹಾನಿ’ ನಿಧಿಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ. ನಡುವಿನ ಮೂರು ದಶಕ ಆ ಬೇಡಿಕೆ ಆರದಂತೆ ಕಾಯ್ದವರಲ್ಲಿ ಹಳದಿ ಬ್ಯಾಡ್ಜಿನವರು ಮುಖ್ಯರು. ಮೂಲನಿವಾಸಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: 2018ರಲ್ಲಿ ರಚನೆಯಾದ ಅವರ ವೇದಿಕೆಯ ಕಾರ್ಯತಂಡದಲ್ಲಿ ಏಳು ಮಂದಿ ಸರ್ಕಾರಗಳವರು, ಏಳು ಮಂದಿ ಮೂಲನಿವಾಸಿ ಪ್ರತಿನಿಧಿಗಳು, ಸರಿಸಮ.

ಇದೇ ಬಾಗಿಲಿನಿಂದ ಕಲ್ಲಿದ್ದಲು, ತೈಲ, ಅನಿಲ ಕಂಪನಿಗಳ ಪರ ಮಾತಾಡುವವರೂ ಬರುತ್ತಾರೆ. ಕಂಪನಿಗಳಿಗೆ ನೇರ ಮಾನ್ಯತೆ ಇಲ್ಲ, ಅವುಗಳ ಸಂಘಗಳಿಗೆ ಇದೆ. ಕೆಲವರಂತೂ ದೇಶಗಳ ನಿಯೋಗದಲ್ಲೇ ಜಾಗ ಪಡೆಯುತ್ತಾರೆ. 2023ರ ದುಬೈ ಸಮ್ಮೇಳನದಲ್ಲಿ ಇಂಥವರು 2,456 ಮಂದಿ ಇದ್ದರೆಂದು ಸಂಘಟನೆಗಳ ಒಕ್ಕೂಟವೊಂದು ನೋಂದಣಿ ಪಟ್ಟಿ ಜಾಲಾಡಿ ಎಣಿಸಿತು. ತಾವು ಯಾರ ಕಡೆಯವರೆಂದು ಪ್ರತಿಯೊಬ್ಬರೂ ನೋಂದಣಿಯಲ್ಲೇ ತಿಳಿಸಬೇಕೆಂಬ ನಿಯಮ ಬಂದದ್ದೂ ಆ ವರ್ಷವೇ. ಅಗತ್ಯವಾಗಿದ್ದ ಸುಧಾರಣೆ ಇದು, ಆದರೆ ತಡವಾಗಿ ಬಂತು.

ಹಣ ಇನ್ನೊಂದು ತಡೆಗೋಡೆ. ಬಡ ದೇಶಗಳ ಸರ್ಕಾರಿ ಪ್ರತಿನಿಧಿಗಳಿಗೆ ನೆರವಿನ ನಿಧಿ ಇದೆ. ವೀಕ್ಷಕರು ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳಬೇಕು. 2025ರಲ್ಲಿ ಬ್ರೆಜಿಲ್‌ನ ಬೆಲೆಮ್‌ನಲ್ಲಿ ಸಮ್ಮೇಳನಕ್ಕೆ ಮುಂಚೆ ಹೋಟೆಲ್ ಕೋಣೆಗಳ ಬಾಡಿಗೆ ಏರಿದ ಪರಿಗೆ ಸರ್ಕಾರಗಳೇ ದೂರಿದವು. ವೀಸಾ ಸಿಗದೆ ಉಳಿದವರು, ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದೂ ಬಾರದವರು ಬೇರೆ. ಕೆಲವರು ಬೇಕೆಂದೇ ಹೊರಗೆ ನಿಲ್ಲುತ್ತಾರೆ. ಕರ್ನಾಟಕ ರಾಜ್ಯ ರೈತ ಸಂಘ ಸದಸ್ಯನಾಗಿರುವ ಅಂತರರಾಷ್ಟ್ರೀಯ ರೈತ ಚಳವಳಿ ‘ಲಾ ವಿಯಾ ಕಂಪೆಸಿನಾ’ 2010ರಲ್ಲಿ ಕಾನ್‌ಕುನ್ ಸಮ್ಮೇಳನದ ಹೊರಗೆ ತನ್ನದೇ ಜನವೇದಿಕೆ ನಡೆಸಿತು. 2002ರಲ್ಲಿ ದೆಹಲಿಯಲ್ಲಿ ಎಂಟನೇ ಕಾಪ್ ನಡೆದಾಗಲೂ ಮೀನುಗಾರರು, ರೈತರು, ಆದಿವಾಸಿಗಳು ಹವಾಮಾನ ನ್ಯಾಯದ ಹೆಸರಿನಲ್ಲಿ ಬೇರೆಯೇ ಸಮಾವೇಶ ಸೇರಿದ್ದರು. ಒಳಗಿನವರ ಮಾತಿಗೆ ಎಷ್ಟೋ ಸಲ ತೂಕ ಬರುವುದು ಹೊರಗೆ ಇಂಥ ಜನ ನಿಂತಿರುವುದರಿಂದ.

ಎರಡು ವಾರ ಮುಗಿದರೂ ವೀಕ್ಷಕರ ಕೆಲಸ ನಿಲ್ಲುವುದಿಲ್ಲ. ಪ್ರತಿವರ್ಷ ಜೂನ್‌ನಲ್ಲಿ ಬಾನ್‌ನಲ್ಲಿ ಒಪ್ಪಂದದ ಅಂಗಸಮಿತಿಗಳು ಸೇರುತ್ತವೆ. ಅಲ್ಲಿ ಪ್ರಧಾನಿಗಳ ಸುಳಿವಿಲ್ಲ, ಕ್ಯಾಮೆರಾಗಳು ಕಡಿಮೆ; ಹೊಸಬರು ಕಲಿಯಲು ಕಾಪ್‌ಗಿಂತ ಅದೇ ಒಳ್ಳೆಯ ಜಾಗ. ಈ ನಡುವೆ ನಾನಾ ವಿಷಯಗಳ ಮೇಲೆ ಸಚಿವಾಲಯ ಲಿಖಿತ ಅಭಿಪ್ರಾಯ ಕೇಳುತ್ತಿರುತ್ತದೆ. ಮಾನ್ಯತೆ ಪಡೆದ ಸಂಸ್ಥೆ ಊರು ಬಿಡದೆ ಅವನ್ನು ಕಳಿಸಬಹುದು, ಅವು ಸರ್ಕಾರಗಳು ಕಳಿಸಿದ ಅಭಿಪ್ರಾಯಗಳಂತೆಯೇ ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಕರಡುಗಳೂ ಅಲ್ಲೇ ಸಿಗುತ್ತವೆ, ಬಹಿರಂಗ ಅಧಿವೇಶನಗಳ ನೇರಪ್ರಸಾರವನ್ನು ಮಾನ್ಯತೆ ಇಲ್ಲದವರೂ ನೋಡಬಹುದು.