ಎಂಡೋಸಲ್ಫಾನ್: ವಿಷ ಸುರಿದದ್ದು ಸರ್ಕಾರ, ಸಾಬೀತು ಮಾಡಬೇಕಾದವರು ಸಂತ್ರಸ್ತರಾ?

ಎಂಡೋಸಲ್ಫಾನ್ ಅಂದಕೂಡಲೇ ನೆನಪಾಗೋದು ಕಾಸರಗೋಡು, ಹೆಚ್ಚೆಂದರೆ ಬೆಳ್ತಂಗಡಿಯ ಕೊಕ್ಕಡ. ಆದರೆ ಸರ್ಕಾರದ ಸಂತ್ರಸ್ತರ ಪಟ್ಟಿಯಲ್ಲಿ ಉತ್ತರ ಕನ್ನಡವೂ ಇದೆ. ಶಿರಾಲಿ ಇರುವ ಭಟ್ಕಳ ತಾಲೂಕು, ಪಕ್ಕದ ಹೊನ್ನಾವರ, ಕುಮಟಾ ಕೂಡ. ಈ ಮನೆಗಳ ಬಗ್ಗೆ ಸುದ್ದಿ ಆಗೋದು ಅಪರೂಪ.

ಆಗಿದ್ದೇನು?

ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಗೇರು ನೆಡುತೋಪುಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್, ನಮ್ಮಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಎರಡೂ ಸರ್ಕಾರದ್ದೇ. ಕರಾವಳಿಯಲ್ಲಿ ಗೇರು ಗುಡ್ಡದ ಮೇಲೆ. ಮನೆ, ಬಾವಿ, ಹಳ್ಳ ಕೆಳಗೆ. ಸಣ್ಣ ಹನಿಗಳು ಗಾಳಿಗೆ ತೇಲಿ ಅಂಗಳಕ್ಕೆ ಬರುತ್ತವೆ. ಮಣ್ಣಿಗೆ ಅಂಟಿದ್ದು ಮಳೆಗಾಲದಲ್ಲಿ ಕೊಚ್ಚಿಕೊಂಡು ಇಳಿಯುತ್ತದೆ.

2011ರ ಫೆಬ್ರುವರಿಯಲ್ಲಿ ಕರ್ನಾಟಕ ಇದನ್ನು ನಿಷೇಧಿಸಿತು. ಅದೇ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿತು. ಅಲ್ಲಿಗೆ ಕತೆ ಮುಗೀತಾ? ಇಲ್ಲ.

ಸಾಬೀತು ಯಾಕೆ ಕಷ್ಟ?

ಸಿಂಪಡಣೆ ನಿಂತ ಹೊಸತರಲ್ಲಿ ಪರೀಕ್ಷೆ ಮಾಡಿದರೆ ರಕ್ತದಲ್ಲಿ ವಿಷದ ಅಂಶ ಸಿಗಬಹುದು. ಕಾಸರಗೋಡಿನ ಪಡ್ರೆಯ ಮಕ್ಕಳಲ್ಲಿ 2001ರಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಗೆ ಅದು ಸಿಕ್ಕಿತ್ತು. ದಶಕಗಳು ಕಳೆದ ಮೇಲೆ ರಕ್ತ ಏನೂ ಹೇಳಲ್ಲ, ಕಾಯಿಲೆ ಮಾತ್ರ ಉಳಿದಿರುತ್ತೆ. ಹಾಗಾಗಿ ಒಬ್ಬೊಬ್ಬರೂ "ನನ್ನ ಕಾಯಿಲೆಗೆ ಇದೇ ಕಾರಣ" ಅಂತ ತೋರಿಸಲಿ ಅನ್ನೋದು ನಡೆಯದ ಮಾತು.

ಇನ್ನೊಂದು ಗೋಡೆ ಶೇಕಡಾವಾರು. ಕರ್ನಾಟಕದ ಮಾಸಾಶನ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಜೋಡಿಸಿದ್ದು: ಶೇ. 25ರಿಂದ 60ರವರೆಗೆ ಒಂದು ಮೊತ್ತ, ಅದಕ್ಕಿಂತ ಹೆಚ್ಚಿದ್ದರೆ ಇನ್ನೊಂದು. ಗರ್ಭಪಾತ, ಬಂಜೆತನ ಈ ಅಳತೆಗೆ ಸಿಗಲ್ಲ. ಮಗನನ್ನು ನೋಡಿಕೊಳ್ಳಲು ಕೂಲಿ ಬಿಟ್ಟ ಅಮ್ಮನೂ ಸಿಗಲ್ಲ. ಅತ್ತ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಷ ಒಂದೇ, ಗಡಿ ದಾಟಿದರೆ ಪರಿಹಾರ ಬೇರೆ.

ಬೇರೆ ದಾರಿ ಇದೆಯಾ?

ಇದೆ. ವಿಯೆಟ್ನಾಂನಲ್ಲಿ 'ಏಜೆಂಟ್ ಆರೆಂಜ್' ಸುರಿದ ಅಮೆರಿಕ, ತನ್ನ ಸೈನಿಕರಿಗಾಗಿ 1991ರಲ್ಲಿ ಕಾನೂನು ಮಾಡಿತು: ಅಲ್ಲಿ ಸೇವೆ ಮಾಡಿದ್ದರೆ, ಪಟ್ಟಿಯಲ್ಲಿರುವ ಕಾಯಿಲೆ ಬಂದಿದ್ದರೆ ಸಾಕು, ಕಾರಣ ಅದೇ ಅಂತ ಸರ್ಕಾರ ಒಪ್ಪಿಕೊಳ್ಳುತ್ತೆ. (ವಿಯೆಟ್ನಾಂ ಜನರಿಗೆ ಈ ನ್ಯಾಯ ಸಿಗಲಿಲ್ಲ, ಅದು ಬೇರೆ ಮಾತು.)

ನಮ್ಮಲ್ಲೂ ಸಿಂಪಡಣೆಯಾದ ಊರಲ್ಲಿ, ಆ ವರ್ಷಗಳಲ್ಲಿ ವಾಸವಿದ್ದ ದಾಖಲೆಯೇ ಸಾಕಾಗಬೇಕು. ಅನುಮಾನವಿದ್ದರೆ ಸರ್ಕಾರ ಸಾಬೀತು ಮಾಡಲಿ. ಯಾವ ತೋಪಿಗೆ, ಯಾವ ದಿನ, ಎಷ್ಟು ಲೀಟರ್ ಸುರಿದರು ಅನ್ನೋ ಲೆಕ್ಕ ಇರಬೇಕಾದ್ದು ನಿಗಮದ ಹತ್ತಿರ, ಗುಡ್ಡದ ಬುಡದ ಮನೆಯವರ ಹತ್ತಿರ ಅಲ್ಲ.