ಜಠರದೊಳಗೆ ಇಳಿದ ಬೆಳಕು

ನಾಲಗೆಯನ್ನೂ ಕಣ್ಣಿನ ಬಿಳುಪನ್ನೂ ನೇರವಾಗಿ ಕಂಡು ಪರೀಕ್ಷಿಸಬಲ್ಲ ವೈದ್ಯನಿಗೂ ಜಠರ ಮತ್ತು ಕರುಳುಗಳು ಬಹುಕಾಲ ಅಗೋಚರವಾಗಿಯೇ ಉಳಿದಿದ್ದುವು. ರೋಗಿಯ ಮಾತನ್ನೂ ತನ್ನ ಬೆರಳ ತುದಿಯ ಸ್ಪರ್ಶವನ್ನೂ ನಂಬಿ, ಉಳಿದುದನ್ನು ಊಹೆಯಿಂದ ತುಂಬಿಕೊಂಡು ಅವನು ಚಿಕಿತ್ಸೆಗೆ ತೊಡಗಬೇಕಾಗಿತ್ತು. ಎದೆಗುಂಡಿಗೆಯ ಕೆಳಗಿನ ಉರಿಯ ಹಿಂದೆ ಬರಿಯ ಅಜೀರ್ಣವಿರಬಹುದು, ಹುಣ್ಣಿರಬಹುದು, ಕ್ಯಾನ್ಸರೂ ಇರಬಹುದು. 1868ರಲ್ಲಿ ಜರ್ಮನಿಯ ಫ್ರೈಬರ್ಗಿನ ವೈದ್ಯರಾದ ಅಡಾಲ್ಫ್ ಕುಸ್ಮೌಲ್ ಅವರು, ಕತ್ತಿ ನುಂಗುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದವನೊಬ್ಬನ ಗಂಟಲಿನ ಮೂಲಕ ಲೋಹದ ನೇರ ಕೊಳವೆಯೊಂದನ್ನು ಇಳಿಸಿದರು. ಕೊಳವೆಯೇನೋ ಜಠರವನ್ನು ಮುಟ್ಟಿತು. ಬೆಳಕು ಮಾತ್ರ ಸಾಲದೆಹೋಯಿತು. ಅಂತಹ ಅಭ್ಯಾಸವಿಲ್ಲದ ಸಾಮಾನ್ಯ ರೋಗಿಗಾದರೋ ಆ ಸೆಟೆದ ಸಾಧನವು ದುಸ್ಸಹವೂ ಅಪಾಯಕರವೂ ಆಗಿತ್ತು.

ಬೆಳಕು ನೇರವಾಗಿ ಹರಿಯತಕ್ಕದ್ದು, ದೇಹದ ದಾರಿ ಬಾಗಿ ಬಳುಕತಕ್ಕದ್ದು. ಈ ವಿರೋಧವನ್ನು ಪರಿಹರಿಸಿದ್ದು ಗಾಜಿನ ಎಳೆ. ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸರೊಡನೆ ದುಡಿದು, ಸೂಕ್ಷ್ಮವಾದ ಗಾಜಿನೆಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದೆಂಬುದನ್ನು 1954ರಲ್ಲಿ ಪ್ರಕಟಿಸಿದರು. ಒಂದೆಳೆಯ ಬೆಳಕು ನೆರೆಯ ಎಳೆಗೆ ಸೋರಿಹೋಗುವ ತೊಡಕನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲಾರೆನ್ಸ್ ಕರ್ಟಿಸ್, ಪ್ರತಿಯೊಂದು ಎಳೆಗೂ ಬೇರೆ ಬಗೆಯ ಗಾಜಿನ ಹೊದಿಕೆಯನ್ನು ತೊಡಿಸಿ ನಿವಾರಿಸಿದರು. ಅಲ್ಲಿಯ ವೈದ್ಯರಾದ ಬೇಸಿಲ್ ಹಿರ್ಶೊವಿಟ್ಜ್ ಅವರು 1957ರಲ್ಲಿ ಆ ಎಳೆಗಳಿಂದ ಮಾಡಿದ ಬಳುಕುವ ಸಾಧನವನ್ನು ಮೊದಲು ತಾವೇ ನುಂಗಿ, ಅನಂತರವೇ ರೋಗಿಗೆ ಬಳಸಿದರು. ವೈದ್ಯಧರ್ಮಕ್ಕೆ ಇದಕ್ಕಿಂತ ಒಪ್ಪುವ ನಡೆ ಇನ್ನಾವುದಿದೆ?

ಈಗ ಗಾಜಿನೆಳೆಯ ಸ್ಥಾನದಲ್ಲಿ ಕೊಳವೆಯ ತುದಿಯ ಪುಟ್ಟ ಕ್ಯಾಮೆರಾ ಚಿತ್ರವನ್ನು ಪರದೆಗೆ ಕಳುಹುತ್ತದೆ. ಆರೆಂಟು ಗಂಟೆ ಏನನ್ನೂ ತಿನ್ನದೆ ಬಂದ ರೋಗಿಯ ಗಂಟಲಿಗೆ ಮರಗಟ್ಟಿಸುವ ಔಷಧವನ್ನು ಸಿಂಪಡಿಸಿ, ಎಡಮಗ್ಗುಲಾಗಿ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆಯೊಂದನ್ನು ಇರಿಸುತ್ತಾರೆ. ಕೊಳವೆಯು ಗಂಟಲನ್ನು ದಾಟುವ ಕ್ಷಣದಲ್ಲಿ ಓಕರಿಕೆ ಬರುವುದು ಸಹಜ. ಮೂಗಿನಿಂದ ನಿಧಾನವಾಗಿ ಉಸಿರಾಡಿದರೆ ಅದು ಬೇಗನೆ ಶಮನವಾಗುತ್ತದೆ. ಉಸಿರಿನ ದಾರಿ ಬೇರೆ, ಅನ್ನದ ದಾರಿ ಬೇರೆ. ಉಸಿರು ಕಟ್ಟೀತೆಂಬ ಭಯದಿಂದ ತಿಂಗಳುಗಟ್ಟಲೆ ಪರೀಕ್ಷೆಯನ್ನು ಮುಂದೂಡುವವರು ಈ ಮಾತನ್ನು ಅವಶ್ಯವಾಗಿ ತಿಳಿಯಬೇಕು. ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗ, ಇಷ್ಟನ್ನು ನೋಡುವುದಕ್ಕೆ ಸಾಮಾನ್ಯವಾಗಿ ಕೆಲವೇ ನಿಮಿಷಗಳು ಸಾಕು.

ನೋಡುವುದಷ್ಟೇ ಆಗಿದ್ದರೆ ಎಂಡೋಸ್ಕೋಪಿ ಎಂಬ ಈ ಪರೀಕ್ಷೆಯ ಮಹತ್ತ್ವ ಅರ್ಧಕ್ಕೆ ನಿಲ್ಲುತ್ತಿತ್ತು; ಕಣ್ಣು ಹೋದ ದಾರಿಯಲ್ಲಿಯೇ ಕೈಯೂ ಹೋಗುವಂತಾದುದು ಅದರ ನಿಜವಾದ ಹೆಚ್ಚುಗಾರಿಕೆ. ಕೊಳವೆಯೊಳಗಿನ ಕಿರುದಾರಿಯಲ್ಲಿ ಸಾಗುವ ಚಿಮಟವು ಜಠರದ ಒಳಪೊರೆಯಿಂದ ಎಳ್ಳಿನಷ್ಟು ಚೂರನ್ನು ಕಿತ್ತುತರುತ್ತದೆ. ಈ ಬಯಾಪ್ಸಿ ರೋಗಿಗೆ ನೋವಾಗಿ ತಿಳಿಯುವುದೇ ಇಲ್ಲವೆನ್ನಬಹುದು. ಇಂತಹ ಚೂರುಗಳಲ್ಲಿಯೇ ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಅವರಿಗೆ ಬಾಗಿದ ಆಕಾರದ ಬ್ಯಾಕ್ಟೀರಿಯಾಗಳು ಕಂಡುವು. ಅವರ ಸಹೋದ್ಯೋಗಿ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಜೀವಿಗಳನ್ನು ತಾವೇ ಕುಡಿದು, ಜಠರದ ಉರಿಯೂತಕ್ಕೆ ಈಡಾಗಿ, ಅದನ್ನು ಎಂಡೋಸ್ಕೋಪಿಯಿಂದ ದೃಢಪಡಿಸಿದರು. ಚಿಂತೆಗೂ ಖಾರಕ್ಕೂ ಹೊರಿಸಿದ್ದ ಹುಣ್ಣಿನ ಅಪರಾಧದ ಬಹುಪಾಲು ಈ ಜೀವಿಗೆ ಸಂದಿತು. ಎಷ್ಟೋ ಮಂದಿಯ ಹುಣ್ಣು ಆ್ಯಂಟಿಬಯಾಟಿಕ್ಕಿನಿಂದ ಮಾಯುವಂತಾಯಿತು. ಅವರಿಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ರಕ್ತ ಒಸರುವ ಹುಣ್ಣಿಗೆ ಅಡ್ರಿನಲಿನ್ ಚುಚ್ಚುವುದು, ಕ್ಲಿಪ್ ಹಾಕುವುದು, ಯಕೃತ್ತು ಕೆಟ್ಟವರ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿಗೆ ರಬ್ಬರ್ ಬಳೆ ಬಿಗಿಯುವುದು, ಇವೆಲ್ಲವೂ ಹೊಟ್ಟೆಯನ್ನು ಕೊಯ್ಯದೆ ನಡೆಯತಕ್ಕವು. ಹಾಗೆಂದು ಪ್ರತಿಯೊಂದು ಹುಳಿತೇಗಿಗೂ ಕೊಳವೆ ಬೇಕಿಲ್ಲ. ಆದರೆ ನುಂಗುವಾಗ ಅನ್ನ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ಮೈ ಇಳಿಯುವುದು, ರಕ್ತಹೀನತೆ, ಕಪ್ಪಗೆ ಅಂಟಂಟಾದ ಮಲ, ಇವುಗಳಲ್ಲಿ ಯಾವುದಿದ್ದರೂ ‘ಗ್ಯಾಸ್ಟ್ರಿಕ್’ ಎಂದು ಅಂಗಡಿಯ ಮಾತ್ರೆ ನುಂಗಿ ದಿನ ದೂಡುವುದು ಸರ್ವಥಾ ಸಲ್ಲದು.

ದೊಡ್ಡ ಕರುಳಿನ ಪರೀಕ್ಷೆಯಾದ ಕೊಲೊನೋಸ್ಕೋಪಿಯಲ್ಲಿ, ಮುಂದೆ ಕ್ಯಾನ್ಸರಾಗಬಹುದಾದ ಪಾಲಿಪ್ ಎಂಬ ಗಂಟುಗಳನ್ನು ತಂತಿಯ ಕುಣಿಕೆ ಹಾಕಿ ಆಗಲೇ ತೆಗೆದುಬಿಡಬಹುದು. ಅದಕ್ಕೆ ಕರುಳು ತಿಳಿನೀರು ಬರುವಷ್ಟು ಶುದ್ಧವಾಗಿರಬೇಕು. ಕೊಟ್ಟ ಭೇದಿಯ ದ್ರಾವಣವನ್ನು ಅರ್ಧಕ್ಕೆ ಬಿಟ್ಟರೆ ಸಣ್ಣ ಗಂಟು ಮಲದ ಮರೆಯಲ್ಲಿ ಉಳಿದುಹೋಗುವುದುಂಟು. ಪರೀಕ್ಷೆಯನ್ನು ಮತ್ತೊಂದು ದಿನ ಮೊದಲಿನಿಂದ ಮಾಡಬೇಕಾಗಿ ಬರುವುದೂ ಉಂಟು.