ನಿಮಗಿದು ಗೊತ್ತೇ? ಗಾಯದೊಳಗಿನ ಅಂಟು

ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆದಮೇಲೆ ಅತಿ ಹೆಚ್ಚು ಮಂದಿಯನ್ನು ಕಾಡುವ ತೊಂದರೆಗಳಲ್ಲೊಂದು, ಹೊಲಿಗೆಯಡಿ ನೀರು ತುಂಬಿಕೊಳ್ಳುವುದು. ವೈದ್ಯರು ಇದನ್ನು ಸೆರೋಮಾ ಎನ್ನುತ್ತಾರೆ. ಸ್ತನ ತೆಗೆದ ಜಾಗದಲ್ಲಿ ಚರ್ಮಕ್ಕೂ ಎದೆಯ ಸ್ನಾಯುವಿಗೂ ನಡುವೆ ಟೊಳ್ಳು ಉಳಿಯುತ್ತದೆ. ಕತ್ತರಿಸಿದ ದುಗ್ಧರಸ ನಾಳಗಳಿಂದ ಒಸರುವ ತಿಳಿಹಳದಿ ದ್ರವ ಅಲ್ಲಿ ಸೇರುತ್ತದೆ. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರೆ ಇನ್ನಷ್ಟು.

ಆ ಉಬ್ಬು ಕಂಡು ಎಷ್ಟೋ ತಾಯಂದಿರು ಗಡ್ಡೆ ಮರಳಿತೆಂದು ರಾತ್ರಿಯಿಡೀ ನಿದ್ದೆಗೆಡುತ್ತಾರೆ. ಸೆರೋಮಾ ಕ್ಯಾನ್ಸರ್ ಅಲ್ಲ. ಸ್ವಲ್ಪವೇ ಇದ್ದರೆ ದೇಹವೇ ಹೀರಿಕೊಳ್ಳುತ್ತದೆ. ಬಿಗಿದು ನೋಯುತ್ತಿದ್ದರೆ ವೈದ್ಯರು ಸೂಜಿ ಹಾಕಿ ತೆಗೆಯುತ್ತಾರೆ. ಕೆಂಪೇರಿದರೆ, ಜ್ವರ ಬಂದರೆ ಕಾಯಬೇಡಿ, ಅಂದೇ ತೋರಿಸಿ.

ಆಪರೇಷನ್ ಆದಮೇಲೆ ಪಕ್ಕೆಯಿಂದ ಇಳಿಬಿದ್ದಿರುವ ಡ್ರೈನ್ ನಳಿಕೆ ಇದೇ ನೀರನ್ನು ಹೊರಹಾಕಲು. ಅದರ ತುದಿಯ ಬಾಟಲಿಯನ್ನು ಬಟ್ಟೆ ಚೀಲದಲ್ಲಿ ಹೆಗಲಿಗೆ ಹಾಕಿಕೊಂಡು, ದಿನವೂ ಅಳೆದು, ಚೀಟಿಯಲ್ಲಿ ಮಿ.ಲೀ. ಬರೆದಿಡಬೇಕು. 24 ಗಂಟೆಯಲ್ಲಿ 30ರಿಂದ 50 ಮಿ.ಲೀ.ಗಿಂತ ಕೆಳಗಿಳಿದಾಗ ನಳಿಕೆ ತೆಗೆಯುವುದು ರೂಢಿ.

ಆ ಟೊಳ್ಳನ್ನೇ ಅಂಟಿಸಿ ಮುಚ್ಚಿಬಿಟ್ಟರೆ? ಅದಕ್ಕೆಂದು ಬಳಸಿ ನೋಡಿದ ಫೈಬ್ರಿನ್ ಅಂಟು ಹುಟ್ಟಿದ್ದು ನಮ್ಮ ರಕ್ತದ ಉಪಾಯದಿಂದಲೇ. ಈಳಿಗೆ ತಗುಲಿ ಬೆರಳು ಕುಯ್ದಾಗ ರಕ್ತ ಹೆಪ್ಪುಗಟ್ಟುತ್ತದಲ್ಲ, ಅದೇ ಕ್ರಿಯೆ. ಜೋಡಿ ಸಿರಿಂಜಿನ ಒಂದರಲ್ಲಿ ಫೈಬ್ರಿನೋಜೆನ್ ಎಂಬ ರಕ್ತದ ಪ್ರೋಟೀನ್, ಇನ್ನೊಂದರಲ್ಲಿ ಅದನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್. ತುದಿಯಲ್ಲಿ ಎರಡೂ ಬೆರೆತೊಡನೆ ಅಂಟು. ಥ್ರಾಂಬಿನ್ ಕಡಿಮೆಯಿದ್ದರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಚರ್ಮವನ್ನು ಸರಿಯಾಗಿ ಕೂರಿಸಲು ಸಮಯ ಸಿಗುತ್ತದೆ. ಕೆಲಸ ಮುಗಿದಮೇಲೆ ದೇಹ ಅದನ್ನು ಕರಗಿಸಿಬಿಡುತ್ತದೆ.

ಇದೇ ಉಪಾಯದಿಂದ 1940ರಲ್ಲೇ ವಿಜ್ಞಾನಿಗಳಾದ ಜೆ. ಝಡ್. ಯಂಗ್ ಮತ್ತು ಪೀಟರ್ ಮೆಡಾವರ್ ತುಂಡಾದ ನರಗಳನ್ನು ರಕ್ತದ ಪ್ಲಾಸ್ಮಾದಿಂದ ಅಂಟಿಸಿದ್ದರು.

ಇಷ್ಟಾದರೂ ಅಂಟು ಗೆಲ್ಲಲಿಲ್ಲ. 18 ಪ್ರಯೋಗಗಳು, 1,252 ರೋಗಿಗಳು: ಇಂಥ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ಪರಿಶೀಲನೆಯಲ್ಲಿ ಫೈಬ್ರಿನ್ ಅಂಟಿನಿಂದ ಸೆರೋಮಾ ಕಡಿಮೆಯಾದದ್ದು ಕಾಣಲಿಲ್ಲ. ಬೆಲೆಯೂ ದುಬಾರಿ. ಬಿಲ್ಲಿನಲ್ಲಿ ಇದು ಸೇರುವ ಮುನ್ನ, ಇದರಿಂದ ನನಗೇನು ಲಾಭ ಎಂದು ಕೇಳುವ ಹಕ್ಕು ರೋಗಿಗಿದೆ, ಕೇಳಲೇಬೇಕು.

ಭರವಸೆ ಮೂಡಿಸಿರುವುದು ಸೂಜಿದಾರ. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಕೌದಿಯ ಪದರಗಳನ್ನು ಸಾಲುಸಾಲಾಗಿ ಹೊಲಿದು ಹಿಡಿಸುವಂತೆ, ಚರ್ಮದ ಒಳಮೈಯನ್ನು ಕೆಳಗಿನ ಸ್ನಾಯುವಿಗೆ ಅಲ್ಲಲ್ಲಿ ಹೊಲಿಯುವುದು. ನೆದರ್ಲೆಂಡ್ಸ್‌ನಲ್ಲಿ ಈ ಹೊಲಿಗೆ, ಅಂಟು, ಮಾಮೂಲಿ ವಿಧಾನ ಮೂರನ್ನೂ ಹೋಲಿಸಿ ನೋಡಿದಾಗ, ಚಿಕಿತ್ಸೆ ಬೇಕಾಗುವಂಥ ಸೆರೋಮಾವನ್ನು ಸ್ಪಷ್ಟವಾಗಿ ತಗ್ಗಿಸಿದ್ದು ಹೊಲಿಗೆಯೇ. ಅದಕ್ಕೆ ತಗಲುವುದು ಒಂದಿಷ್ಟು ದಾರ, ಆಪರೇಷನ್ ಟೇಬಲ್ ಮೇಲೆ ಇನ್ನು ಕೆಲವು ನಿಮಿಷ.